ಮಗಳ ಊರಿನಲ್ಲಿ ಈ ವಾರ ಏನಾಯಿತು?

ಪ್ರಶ್ನೆ: ಅಕ್ಕಾರೆ, ನಮಸ್ಕಾರ. ಮಗಳು ಆಗಸ್ಟ್‌ನಲ್ಲಿ ಓದಲು ಅಮೆರಿಕಕ್ಕೆ ಹೋದಳು. ಇಲಿನಾಯ್ಸ್ ರಾಜ್ಯದ ಶಾಂಪೇನ್ ಅಂತ ಊರು. ಪ್ರತಿ ಭಾನುವಾರ ಬೆಳಿಗ್ಗೆ ಏಳೂವರೆಗೆ ವಿಡಿಯೊ ಕಾಲ್ ಮಾಡುತ್ತೇನೆ. ಏನು ವಿಶೇಷ ಅಂದರೆ "ಏನಿಲ್ಲಮ್ಮ, ಎಲ್ಲಾ ಅದೇ" ಅನ್ನುತ್ತಾಳೆ. ಊಟ ಆಯ್ತಾ, ಚಳಿ ಇದೆಯಾ, ಅಲ್ಲಿಗೆ ಮಾತು ಮುಗಿಯಿತು. ಈಗ ನವೆಂಬರ್‌ನಿಂದ ಒಂದು ತಾಸು ತಡವಾಗಿ ಮಾಡು ಅಂತಾಳೆ. ನನ್ನಿಂದ ದೂರ ಆಗುತ್ತಿದ್ದಾಳಾ?
— ಒಬ್ಬ ತಾಯಿ, ಸಿಂಧನೂರು

ಉತ್ತರ: ತಂಗೆಮ್ಮಾ, ಮೊದಲು ಆ ಒಂದು ತಾಸಿನ ಚಿಂತೆ ಬಿಡಿ. ಅಲ್ಲಿ ನವೆಂಬರ್ ಮೊದಲ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಇಡುತ್ತಾರೆ. ಈಗ ನಮಗೂ ಅವರಿಗೂ ಹತ್ತೂವರೆ ತಾಸಿನ ಅಂತರ, ಆಮೇಲೆ ಹನ್ನೊಂದೂವರೆ. ನಿಮ್ಮ ಭಾನುವಾರದ ಏಳೂವರೆ ಅಂದರೆ ಅವಳಿಗೆ ಶನಿವಾರ ರಾತ್ರಿ ಒಂಬತ್ತು. ಇನ್ನು ಮೇಲೆ ಅದೇ ಏಳೂವರೆಗೆ ಅಲ್ಲಿ ಎಂಟೇ ಆಗಿರುತ್ತದೆ. ಅವಳು ದೂರ ಹೋಗುತ್ತಿಲ್ಲ, ನಿಮ್ಮ ಜೊತೆ ಮಾತಾಡುವ ಆ ಒಂಬತ್ತು ಗಂಟೆಯನ್ನು ಹಾಗೇ ಉಳಿಸಿಕೊಳ್ಳುತ್ತಿದ್ದಾಳೆ.

ನಾನು ಅದೇ ರಾಜ್ಯದಲ್ಲಿ, ತಮ್ಮನ ಮನೆಯಲ್ಲಿ ಒಂದು ಅಕ್ಟೋಬರ್ ಕಳೆದಿದ್ದೇನೆ. ಅದಕ್ಕೇ ಹೇಳುತ್ತೇನೆ, "ಎಲ್ಲಾ ಅದೇ" ಅನ್ನುವ ವಾರದಲ್ಲಿ ಎಷ್ಟೊಂದು ಇರುತ್ತದೆ!

ಊರು ದಾಟಿದರೆ ಸಾಕು, ಕಣ್ಣು ಹೋದಷ್ಟು ದೂರ ಮೆಕ್ಕೆಜೋಳ ಮತ್ತು ಸೋಯಾ. ಜೋಳವನ್ನು ಗಿಡದಲ್ಲೇ ಒಣಗಲು ಬಿಡುತ್ತಾರೆ, ಗಾಳಿ ಬಂದರೆ ಇಡೀ ಹೊಲ ಸರಸರ ಅನ್ನುತ್ತದೆ. ನಿಮ್ಮ ಕಡೆ ಭತ್ತ ಕೊಯ್ಯಲು ಬರುತ್ತದಲ್ಲ ಕಟಾವು ಮಷಿನ್, ಅಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದು, ರಾತ್ರಿಯೂ ದೀಪ ಹಾಕಿಕೊಂಡು ಓಡಾಡುತ್ತದೆ, ಪಕ್ಕದಲ್ಲೇ ಟ್ರ್ಯಾಕ್ಟರ್ ಸಾಗುತ್ತಿರುತ್ತದೆ, ಎರಡೂ ನಿಲ್ಲದೆ ಕಾಳು ಒಂದರಿಂದ ಇನ್ನೊಂದಕ್ಕೆ ಸುರಿಯುತ್ತದೆ. ನಾವು ರಸ್ತೆ ಮೇಲೆ ಹರವಿ ಒಣಗಿಸುವುದನ್ನು ಅವರು ದೊಡ್ಡ ತಗಡಿನ ಕಣಜಗಳಲ್ಲಿ ಬಿಸಿಗಾಳಿ ಬಿಟ್ಟು ಮಾಡುತ್ತಾರೆ. ಆ ಫ್ಯಾನಿನ ಗುಂಯ್ ಸದ್ದು ನನಗೆ ನಿದ್ದೆಯಲ್ಲೂ ಕೇಳಿಸುತ್ತಿತ್ತು.

ಎಲೆಗಳ ಬಗ್ಗೆ ಕೇಳಿ. ಹಗಲು ಕಡಿಮೆಯಾದಂತೆ ಎಲೆಯ ಹಸಿರು ಕರಗುತ್ತದೆ, ಒಳಗೆ ಮೊದಲೇ ಇದ್ದ ಹಳದಿ ಹೊರಗೆ ಬರುತ್ತದೆ. ಕೆಂಪು ಹಾಗಲ್ಲ, ಅದನ್ನು ಎಲೆ ಆಗ ಹೊಸದಾಗಿ ಮಾಡಿಕೊಳ್ಳುತ್ತದೆ. ನಮ್ಮ ಬೀದಿಯ ಬಾದಾಮಿ ಗಿಡದ ಎಲೆಯೂ ಉದುರುವ ಮುಂಚೆ ಕೆಂಪಾಗುತ್ತದೆ, ಅಲ್ವಾ? ಅಲ್ಲಿ ಬೀದಿಗೆ ಬೀದಿಯೇ ಹಾಗೆ. ಒಂದು ಮೇಪಲ್ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಅಂಚು ಕುಂಕುಮದ ಕೆಂಪು, ಒಳಗೆ ಕಿತ್ತಳೆ, ನರದ ಪಕ್ಕ ಮಾತ್ರ ಇನ್ನೂ ಹಸಿರು. ತಂದು ಪುಸ್ತಕದಲ್ಲಿ ಇಟ್ಟಿದ್ದೇನೆ, ಈಗ ಬರೀ ಕಂದು.

ಅಕ್ಟೋಬರ್ 31ಕ್ಕೆ ಹ್ಯಾಲೋವೀನ್. ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಒಳಗೆ ದೀಪ ಇಡುತ್ತಾರೆ. ಬಾಗಿಲ ದೀಪ ಹಚ್ಚಿದ ಮನೆಗೆ ಮಕ್ಕಳು ವೇಷ ಹಾಕಿಕೊಂಡು ಮಿಠಾಯಿ ಕೇಳಲು ಬರುತ್ತಾರೆ. ನನಗೆ ನಮ್ಮ ಅಲಾಯಿ ಹಬ್ಬದ ಹುಲಿವೇಷ ನೆನಪಾಗಿ ಕಣ್ಣು ತುಂಬಿತ್ತು.

ಇನ್ನೊಂದು ತಿಳಿದಿರಲಿ. ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 10ಕ್ಕೆ ಸೈರನ್ ಕೂಗುತ್ತದೆ. ಸುಂಟರಗಾಳಿ ಎಚ್ಚರಿಕೆಯ ಸೈರನ್ನು, ಅವತ್ತು ಸುಮ್ನೆ ಪರೀಕ್ಷೆ ಮಾಡುತ್ತಾರೆ. ಮೊದಲ ಸಲ ಕೇಳಿದಾಗ ನನ್ನ ಎದೆ ಧಸಕ್ ಅಂದಿತ್ತು. ಅವಳಿಗೂ ಅಂದಿರಬೇಕು, ಆದರೆ ನಿಮಗೆ ಹೇಳಿರುವುದಿಲ್ಲ.

ದನಿ ಸ್ವಲ್ಪ ಸಣ್ಣದಾಗಿದ್ದರೂ ಆಶ್ಚರ್ಯ ಇಲ್ಲ. ಗಡಿಯಾರ ಹಿಂದಕ್ಕೆ ಇಟ್ಟ ಮೇಲೆ ಅಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನಮ್ಮ ಬಿಸಿಲಲ್ಲಿ ಬೆಳೆದ ಹುಡುಗಿಗೆ ಆ ಕತ್ತಲು ಕಷ್ಟವೇ. ತುಂಬಾ ದಿನ ಹಾಗೇ ಇದ್ದರೆ, ನಿದ್ದೆ ಊಟ ಕೆಟ್ಟರೆ, ಕಾಲೇಜಿನಲ್ಲಿ ಆಪ್ತ ಸಲಹೆಗಾರರು ಇರುತ್ತಾರೆ, ಹೋಗಿ ಮಾತಾಡು ಅಂತ ನೀವೇ ಹೇಳಿ.

ಈ ಭಾನುವಾರ "ಏನು ವಿಶೇಷ" ಅನ್ನಬೇಡಿ. ನಿನ್ನ ಕಿಟಕಿ ಮುಂದಿನ ಮರದಲ್ಲಿ ಎಲೆ ಇನ್ನೂ ಇದೆಯಾ, ಸೈರನ್ ಕೇಳಿದೆಯಾ, ಜೋಳ ಕೊಯ್ದರಾ ಅಂತ ಕೇಳಿ. ಆಮೇಲೆ ಫೋನನ್ನು ನಿಮ್ಮ ಬಾಗಿಲ ಕಡೆ ತಿರುಗಿಸಿ. ಭತ್ತದ ಕೊಯ್ಲು ಶುರುವಾಗುವ ಹೊತ್ತು, ಧೂಳು ಎಬ್ಬಿಸಿಕೊಂಡು ಟ್ರ್ಯಾಕ್ಟರ್ ಹೋಗುತ್ತಿರುತ್ತದೆ. ಅವಳು ಅದನ್ನೂ ನೋಡಲಿ.