ನಾಯಿ ಪಕ್ಕದ ಮನೆಯದು, ಮೇಕೆ ನಮ್ಮದು

ಓದುಗರ ಪತ್ರ: ನಮ್ಮದು ಅಂಜನಾಪುರದ ಕಡೆ, ಹಳ್ಳಿ ಹೋಗಿ ಲೇಔಟ್ ಆಗಿರುವ ಜಾಗ. ಅತ್ತೆಯವರ ಕಾಲದಿಂದಲೂ ನಾಲ್ಕಾರು ಮೇಕೆ ಸಾಕುತ್ತಿದ್ದೇವೆ. ಪಕ್ಕದ ಮನೆಯವರು ಒಂದು ರಾಟ್‌ವೀಲರ್ ತಂದಿದ್ದಾರೆ. ಬೆಳಗ್ಗೆ ಗೇಟು ತೆಗೆದು ಬಿಟ್ಟುಬಿಡುತ್ತಾರೆ. ಹೋದ ವಾರ ಖಾಲಿ ಸೈಟಿನಲ್ಲಿ ಕಟ್ಟಿದ್ದ ಮರಿಯನ್ನು ಅದು ಕೊಂದುಹಾಕಿತು, ಇನ್ನೊಂದು ಮೇಕೆಯ ತೊಡೆ ಕಚ್ಚಿತು. ಬಿಡಿಸಲು ಹೋದ ಮಗನ ಕಾಲಿಗೆ ಉಗುರು ತಾಗಿ ಗೀರಾಗಿದೆ, ರಕ್ತ ಬರಲಿಲ್ಲ. ಕೇಳಿದರೆ ‘ಅದು ಏನೂ ಮಾಡಲ್ಲ ಬಿಡಿ, ಆಟ ಆಡುತ್ತೆ’ ಅಂತಾರೆ. ಠಾಣೆಯಲ್ಲಿ ‘ನಾಯಿ ಮೇಲೆ ಏನ್ ಕೇಸ್ ಹಾಕೋದು, ಮಾತಾಡ್ಕೊಳಿ’ ಎಂದು ಕಳಿಸಿದರು. ಈ ಜಾತಿ ನಾಯಿ ಬ್ಯಾನ್ ಆಗಿದೆಯಂತಲ್ಲ? ನಮ್ಮಣ್ಣ ಅನ್ನದಲ್ಲಿ ಏನಾದರೂ ಬೆರೆಸಿ ಹಾಕೋಣ ಅನ್ನುತ್ತಾನೆ. ಏನು ಮಾಡಲಿ?

ಸಂಪಾದಕರ ಉತ್ತರ: ಕಾನೂನಿನ ಮಾತು ಆಮೇಲೆ. ಮೊದಲು ಮಗನ ಕಾಲು ನೋಡಿ. ರಕ್ತ ಬರದ ಗೀರಿಗೂ ರೇಬಿಸ್ ಲಸಿಕೆ ಬೇಕು. ವಾರ ಕಳೆಯಿತಲ್ಲ ಎಂದು ಸುಮ್ಮನಿರಬೇಡಿ, ತಡವಾದರೂ ಶುರು ಮಾಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಚರ್ಮಕ್ಕೆ ಕೊಡುವ ಚುಚ್ಚುಮದ್ದಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯದ ಮದ್ದು) ಕೂಡ ಕೊಡಬೇಕಾಗುತ್ತಿತ್ತು. ಮುಂದೆ ಯಾರಿಗೇ ಹೀಗಾದರೂ ಅರಿಸಿನ, ಸುಣ್ಣ ಮೆತ್ತದೆ, ನಲ್ಲಿಯಡಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಕಚ್ಚಿಸಿಕೊಂಡ ಮೇಕೆಗೂ ಲಸಿಕೆ ಉಂಟು. 1962ಕ್ಕೆ ಫೋನ್ ಮಾಡಿದರೆ ಪಶು ಚಿಕಿತ್ಸಾ ವಾಹನ ಕಳಿಸುತ್ತಾರೆ. ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿಡಿ, ಅದಕ್ಕೆ ಮುಂದೆ ಕೆಲಸವಿದೆ.

ಇನ್ನು ನಿಮ್ಮ ಅಣ್ಣನವರ ಸಲಹೆ. ಅವರ ಸಿಟ್ಟು ಅರ್ಥವಾಗುತ್ತದೆ, ಆದರೆ ಆ ಅನ್ನದ ತಟ್ಟೆ ಇಟ್ಟ ಗಳಿಗೆಯಿಂದ ಆರೋಪಿ ನೀವಾಗುತ್ತೀರಿ. ಐಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ 5 ವರ್ಷದವರೆಗೆ ಜೈಲು. ನಾಯಿಯನ್ನು ಸಡಿಲ ಬಿಟ್ಟ ಮಾಲೀಕರಿಗೆ ಇರುವುದು ಹೆಚ್ಚೆಂದರೆ 6 ತಿಂಗಳು. ಹಾಗೆ ಹಾಕಿದ ಅನ್ನವನ್ನು ಆ ನಾಯಿಯೇ ತಿನ್ನುತ್ತದೆ ಎಂದೇನೂ ಇಲ್ಲ, ನಿಮ್ಮ ಮೇಕೆಯೂ ಮೂತಿ ಇಡಬಹುದು. ನಾಯಿ ಮಗುವಿನ ಮೇಲೆ ಎರಗಿದ ಹೊತ್ತಿನಲ್ಲಿ ಕೈಗೆ ಸಿಕ್ಕ ದೊಣ್ಣೆಯಿಂದ ಹೊಡೆದು ಬಿಡಿಸಿದರೆ ಮಾತು ಬೇರೆ. ದೊಡ್ಡ ಅಪಾಯ ತಪ್ಪಿಸಲು ಪ್ರಾಮಾಣಿಕವಾಗಿ ಮಾಡಿದ ಕೃತ್ಯ ಅಪರಾಧವಲ್ಲ ಎಂದು ಅದೇ ಸಂಹಿತೆಯ 19ನೇ ಕಲಂ ಹೇಳುತ್ತದೆ. ಮಾರನೇ ದಿನ ಹುಡುಕಿಕೊಂಡು ಹೋಗಿ ಹೊಡೆಯುವವರಿಗೆ ಆ ರಕ್ಷಣೆ ಇಲ್ಲ.

ತಳಿ ನಿಷೇಧದ ಸುದ್ದಿ ಹಳೆಯದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು, ರಾಟ್‌ವೀಲರ್ ಆ ಪಟ್ಟಿಯಲ್ಲಿತ್ತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ದೂರಿನಲ್ಲಿ ‘ನಿಷೇಧಿತ ತಳಿ’ ಎಂದು ಬರೆದು ಎದುರು ವಕೀಲರಿಗೆ ಸುಲಭದ ತುತ್ತು ಕೊಡಬೇಡಿ. ಯಾವ ನಾಯಿ ಎಂಬುದಕ್ಕಿಂತ ಯಾವತ್ತು, ಎಲ್ಲಿ, ಏನು ಮಾಡಿತು ಎಂಬುದಷ್ಟೇ ನಿಮಗೆ ಬೇಕು.

ಠಾಣೆಯವರು ಹೇಳಿದ್ದು ಅರ್ಧ ನಿಜ. ನಾಯಿಯ ಮೇಲೆ ಕೇಸಿಲ್ಲ, ಸಾಕಿದವರ ಮೇಲೆ ಇದೆ. ನ್ಯಾಯ ಸಂಹಿತೆಯ 291ನೇ ಕಲಂ (ಹಳೆಯ ಐಪಿಸಿಯ 289) ಹೇಳುವುದಿಷ್ಟು: ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗುವ ಸಂಭವವಿದ್ದು, ಗೊತ್ತಿದ್ದೂ ಅಥವಾ ನಿರ್ಲಕ್ಷ್ಯದಿಂದ ತಡೆಯುವ ಕ್ರಮ ಕೈಗೊಳ್ಳದಿದ್ದರೆ 6 ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಚ್ಚಿರಲೇಬೇಕು ಎಂದಿಲ್ಲ, ಸಂಭವವಿದ್ದರೆ ಸಾಕು. ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದಾದ ಅಪರಾಧವಿದು, ಎಫ್‌ಐಆರ್ ದಾಖಲಿಸಲೇಬೇಕು.

ಇಲ್ಲೊಂದು ಸೂಕ್ಷ್ಮವಿದೆ, ದೂರು ಬರೆಯುವ ಮುಂಚೆ ತಿಳಿದಿರಲಿ. ಈ ಕಲಂ ಮಾತಾಡುವುದು ಮನುಷ್ಯರಿಗೆ ಒದಗುವ ಅಪಾಯದ ಬಗ್ಗೆ. ಮೇಕೆ ಸತ್ತದ್ದು ಇದರಡಿ ಬರುವುದಿಲ್ಲ. ನೀವು ಮೇಕೆಯಿಂದಲೇ ಶುರು ಮಾಡಿ ಮೇಕೆಯಲ್ಲೇ ಮುಗಿಸಿರಬೇಕು, ಅದಕ್ಕೇ ‘ಮಾತಾಡ್ಕೊಳಿ’ ಎಂದಿರಬಹುದು. ಈ ಸಲ ಮಗನಿಂದ ಶುರು ಮಾಡಿ. ಇಂಥ ದಿನ, ಇಷ್ಟು ಹೊತ್ತಿಗೆ, ಸಡಿಲ ಬಿಟ್ಟ ನಾಯಿ ಮಗನ ಮೇಲೆ ಎರಗಿ ಕಾಲು ಗೀರಿತು, ಚಿಕಿತ್ಸೆಯ ಚೀಟಿ ಲಗತ್ತಿಸಿದೆ. ಅದೇ ಹೊತ್ತಿನಲ್ಲಿ ಒಂದು ಮರಿಯನ್ನು ಕೊಂದಿತು. ಹೀಗೆ ಬರೆದರೆ ಸತ್ತ ಮರಿ ಆ ನಾಯಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಡಿಸಿಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ.

ಅದಕ್ಕೂ ಮುಂಚೆ, ಅಥವಾ ಜತೆಜತೆಗೇ, ಪಕ್ಕದ ಮನೆಯವರಿಗೆ ಒಂದು ಕಾಗದ ಬರೆಯಿರಿ. ‘ಅದು ಏನೂ ಮಾಡಲ್ಲ ಬಿಡಿ’ ಎಂಬ ಮಾತನ್ನು ಈ ಊರಿನ ಪ್ರತಿ ಪಾರ್ಕಿನಲ್ಲೂ ಕೇಳಿದ್ದೇವೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ಅದು ನಿಜವಾಗಿಯೂ ಏನೂ ಮಾಡಿರುವುದಿಲ್ಲ. ನಿಮ್ಮ ಕಾಗದ ಸ್ಪೀಡ್ ಪೋಸ್ಟ್‌ನಲ್ಲಿ ತಲುಪಿದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಎನ್ನುವ ದಾರಿ ಮುಚ್ಚುತ್ತದೆ. ಬೈಗುಳ ಬೇಡ. ನಡೆದದ್ದು ನಾಲ್ಕು ಸಾಲು, ಆಗಬೇಕಾದ್ದು ಎರಡು ಸಾಲು: ಗೇಟು ಮುಚ್ಚಿರಲಿ, ಹೊರಗೆ ತರುವಾಗ ಹಗ್ಗ ಕೈಯಲ್ಲಿರಲಿ. ‘ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಿ’ ಎಂದು ಮಾತ್ರ ಕೇಳಬೇಡಿ. ಮಿತಿಮೀರಿದ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅಲ್ಲದೆ ಸದಾ ಕಟ್ಟಿಹಾಕಿದ ನಾಯಿ ಇನ್ನಷ್ಟು ಕೆಂಡವಾಗುತ್ತದೆ.

ನಾಳೆ ಅವರು ‘ಅದು ಬೀದಿನಾಯಿ, ಊಟ ಹಾಕ್ತೀವಿ ಅಷ್ಟೆ’ ಎಂದರೂ ಆಶ್ಚರ್ಯವಿಲ್ಲ, ರಾಟ್‌ವೀಲರ್ ವಿಷಯದಲ್ಲಿ ಹಾಗನ್ನಲು ಧೈರ್ಯ ಬೇಕಾದರೂ. ಕುತ್ತಿಗೆಯ ಬೆಲ್ಟ್ ಕಾಣುವ ಫೋಟೊ, ಅದು ಅವರ ಗೇಟಿನಿಂದ ಹೊರಬರುವ ವಿಡಿಯೊ ತೆಗೆದಿಡಿ. ಎದುರು ಮನೆಯ ಸಿಸಿಟಿವಿಯಲ್ಲಿ ಹೋದ ವಾರದ್ದು ಅಳಿಸಿಹೋಗುವ ಮುಂಚೆ ಕೇಳಿ ಪಡೆಯಿರಿ. ಬೆಂಗಳೂರಿನಲ್ಲಿ ಸಾಕುನಾಯಿಗೆ ಪಾಲಿಕೆಯ ಲೈಸೆನ್ಸ್ ಬೇಕು, ಅದಕ್ಕೆ ರೇಬಿಸ್ ಲಸಿಕೆಯ ದಾಖಲೆ ಬೇಕು. ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ನಿಮ್ಮ ಭಾಗದ ಪಾಲಿಕೆಯ ಪಶುಸಂಗೋಪನಾ ವಿಭಾಗಕ್ಕೆ ಅರ್ಜಿ ಕೊಟ್ಟು ಎರಡನ್ನೂ ಪರಿಶೀಲಿಸಲು ಕೇಳಿ.

ಇಷ್ಟಾದರೂ ಬೆಳಗ್ಗೆ ಗೇಟು ತೆರೆಯುತ್ತಲೇ ಇದ್ದರೆ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕಿ, ಬೇರೆಡೆ ಸಾಗಿಸಿ, ಕೊನೆಗೆ ಕೊಲ್ಲಿ ಎಂದೂ ಆದೇಶಿಸುವ ಅಧಿಕಾರ ಉಪವಿಭಾಗದ ಮ್ಯಾಜಿಸ್ಟ್ರೇಟರಿಗಿದೆ. ಮೊದಲು ಷರತ್ತಿನ ಆದೇಶ ಹೊರಡುತ್ತದೆ, ಮಾಲೀಕರು ಬಂದು ತಮ್ಮ ವಾದ ಹೇಳಬಹುದು. ನೀವು ಕೇಳಬೇಕಾದ್ದು ಕೂಡಿಹಾಕುವುದನ್ನು ಮಾತ್ರ. ನಮ್ಮ ಕಣ್ಣಿಗೆ ಇಲ್ಲಿ ತಪ್ಪು ಮಾಡಿರುವುದು ಗೇಟು ತೆಗೆದ ಕೈ.

ಮರಿಯ ಬೆಲೆ ವಸೂಲು ಮಾಡುವುದು ಸಿವಿಲ್ ವಿಷಯ. ಪಶುವೈದ್ಯರ ಮರಣೋತ್ತರ ವರದಿ ಇದ್ದರೆ ಚೆನ್ನಾಗಿತ್ತು. ಹೂತಿದ್ದರೆ ಫೋಟೊ, ನೋಡಿದವರ ಹೇಳಿಕೆ, ಕಚ್ಚಿಸಿಕೊಂಡ ಮೇಕೆಯ ಚಿಕಿತ್ಸೆಯ ದಾಖಲೆ ಇಟ್ಟುಕೊಳ್ಳಿ. ಆದರೆ ಒಂದು ಮರಿಗಾಗಿ ದಾವೆ ಹೂಡಿದರೆ ಓಡಾಟದ ಖರ್ಚೇ ಮರಿಯ ಬೆಲೆ ಮೀರುತ್ತದೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಕೊಡುತ್ತಾರೆ. ಎರಡೂ ಕಡೆಯವರನ್ನು ಕೂರಿಸಿ ಲೋಕ ಅದಾಲತ್‌ನಲ್ಲಿ ಒಪ್ಪಂದವಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿಯೂ ಇಲ್ಲ. ಮರಿಯ ದುಡ್ಡಿನ ಜತೆಗೆ ಗೇಟಿನ ಮಾತನ್ನೂ ಅದರಲ್ಲಿ ಬರೆಸಿ.

ಅಲ್ಲಿ ಅವರೂ ಒಂದು ಪ್ರಶ್ನೆ ಎತ್ತುತ್ತಾರೆ: ಆ ಖಾಲಿ ಸೈಟು ಯಾರದು? ನಿಮ್ಮದಲ್ಲದಿದ್ದರೆ ಸೈಟಿನವರಿಂದ ಒಪ್ಪಿಗೆ ಬರೆಸಿಕೊಳ್ಳಿ, ಇಲ್ಲವೇ ಈ ವಿಷಯ ಬಗೆಹರಿಯುವವರೆಗೆ ಮೇಕೆಗಳನ್ನು ನಿಮ್ಮ ಕಾಂಪೌಂಡಿನೊಳಗೇ ಕಟ್ಟಿ.