ಹಿಮಗಾಳಿಯ ರಾತ್ರಿ ಗೆಳೆಯರ ಜೊತೆ ಹಬ್ಬದ ಮಾತು ಶುರು ಮಾಡುವುದು ಹೇಗೆ?

ಡಿಸೆಂಬರ್ ಕೊನೆಯಲ್ಲಿ ಬೇರೆ ಬೇರೆ ದೇಶದ ಗೆಳೆಯರು ಒಂದೇ ಮನೆಯಲ್ಲಿ ಸೇರುತ್ತಿದ್ದೀರಿ. ಜೋರು ಹಿಮಗಾಳಿಯ ಮುನ್ಸೂಚನೆ ಇದೆ, ಹೊರಗೆ ಹೋಗುವ ಹಾಗಿಲ್ಲ. ಹಬ್ಬದ ಸುದ್ದಿ ತೆಗೆದರೆ ಎಲ್ಲರೂ ಮರ, ದೀಪ, ಉಡುಗೊರೆ ಎಂದು ಹೇಳಿ ಸುಮ್ಮನಾಗುತ್ತಾರೆ, ಮಾತು ಮುಂದುವರಿಸುವುದು ಹೇಗೆ ಎಂದು ಕೇಳಿದ್ದೀರಿ.

"ನಿಮ್ಮ ಕಡೆ ಹಬ್ಬ ಹೇಗೆ ಮಾಡುತ್ತೀರಿ?" ಎಂದು ಕೇಳಬೇಡಿ. ಅದಕ್ಕೆ ಬರುವುದು ಬಾಯಿಪಾಠದ ಉತ್ತರ. "ಚಿಕ್ಕವರಿದ್ದಾಗ ಆ ರಾತ್ರಿ ನೀವು ಯಾರಿಗೋಸ್ಕರ ಕಾಯುತ್ತಿದ್ದಿರಿ?" ಎಂದು ಕೇಳಿ ನೋಡಿ. ಚಳಿಗಾಲದ ಹಬ್ಬಗಳಲ್ಲಿ ಕಾಯುವುದೇ ಅರ್ಧ ಕೆಲಸ. ಯಾರೋ ಬರಬೇಕು, ಏನೋ ಮೂಡಬೇಕು. ಹಿಮ ಬಿದ್ದು ಬಾಗಿಲು ಮುಚ್ಚಿಕೊಂಡು ಕೂತಿರುವಾಗ ಈ ಮಾತು ತಾನಾಗಿ ಬರುತ್ತದೆ.

ನಮ್ಮ ಗುಂಪಿನಲ್ಲಿ ಹಾಗೇ ಆಯಿತು. ಪೋಲೆಂಡಿನ ಗೆಳತಿ ಒಬ್ಬಳು ಎದ್ದು ಹೋಗಿ ಒಂದು ಲಕೋಟೆ ತಂದಳು. ಒಳಗೆ ಬಿಳಿ ಬಿಲ್ಲೆ. ಕಾಗದದಷ್ಟು ತೆಳು, ಮೇಲೆ ಉಬ್ಬಿದ ಚಿತ್ರ, ಒಂದು ಮೂಲೆ ಅಂಚೆಯಲ್ಲೇ ಮುರಿದಿತ್ತು. ಅವಳ ಅಮ್ಮ ಕಳಿಸಿದ್ದು. ಅದರ ಹೆಸರು ಒಪ್ವಾಟೆಕ್, ಗೋಧಿ ಹಿಟ್ಟಿನಿಂದ ಮಾಡಿದ ತಿನ್ನುವ ಬಿಲ್ಲೆ. ಡಿಸೆಂಬರ್ 24ರ ಸಂಜೆ ಮೊದಲ ನಕ್ಷತ್ರ ಕಾಣುವವರೆಗೆ ಪೋಲೆಂಡಿನಲ್ಲಿ ಊಟ ಶುರುವಾಗುವುದಿಲ್ಲ. ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿರುತ್ತಾರೆ. ಆಮೇಲೆ ಎಲ್ಲರೂ ಒಬ್ಬೊಬ್ಬರ ಹತ್ತಿರ ಹೋಗಿ, ಅವರ ಕೈಯಲ್ಲಿರುವ ಬಿಲ್ಲೆಯಿಂದ ಚೂರು ಮುರಿದುಕೊಂಡು, ಒಳ್ಳೆಯದಾಗಲಿ ಎಂದು ಹಾರೈಸುತ್ತಾರೆ. ಮುನಿಸಿಕೊಂಡವರ ಹತ್ತಿರವೂ ಹೋಗಬೇಕು. ಮೇಜಿನ ಮೇಲೆ ಒಂದು ತಟ್ಟೆ ಜಾಸ್ತಿ ಇಡುತ್ತಾರೆ, ಕರೆಯದೆ ಬರುವ ಅತಿಥಿಗೆ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಬೇರೆಯವರಿಗೂ ತಮ್ಮ ತಮ್ಮ ಮನೆ ನೆನಪಾಗಿತ್ತು.

ಐಸ್‌ಲ್ಯಾಂಡಿನವರು ಯಾರಾದರೂ ಇದ್ದರೆ ನಿಮ್ಮ ಅದೃಷ್ಟ. ಅಲ್ಲಿ ಬೆಟ್ಟದಿಂದ 13 ತುಂಟ ಅಣ್ಣತಮ್ಮಂದಿರು ಇಳಿದು ಬರುತ್ತಾರೆ, ಡಿಸೆಂಬರ್ 12ರಿಂದ ದಿನಕ್ಕೊಬ್ಬ. ಒಬ್ಬ ಚಮಚ ನೆಕ್ಕುವವನು, ಒಬ್ಬ ಕಿಟಕಿಯಲ್ಲಿ ಇಣುಕುವವನು, ಇನ್ನೊಬ್ಬನಿಗೆ ರಾತ್ರಿ ಬಾಗಿಲು ದಡಾರನೆ ಬಡಿಯುವುದೇ ಕೆಲಸ. ಮಕ್ಕಳು ಕಿಟಕಿ ಕಟ್ಟೆಯ ಮೇಲೆ ಶೂ ಇಟ್ಟು ಮಲಗುತ್ತಾರೆ. ಬೆಳಗ್ಗೆ ಅದರಲ್ಲಿ ಸಣ್ಣ ಉಡುಗೊರೆ. ತಂಟೆ ಮಾಡಿದ ಮಗುವಿಗೆ ಆಲೂಗಡ್ಡೆ.

ಎಲ್ಲರಿಗೂ ಕ್ರಿಸ್‌ಮಸ್ ಇರುವುದಿಲ್ಲ, ಅದು ನೆನಪಿರಲಿ. ಯೆಹೂದಿ ಗೆಳೆಯರಿಗೆ ಹನುಕ್ಕಾ ಇದೆ. ಎಂಟು ರಾತ್ರಿ, ದಿನಕ್ಕೊಂದು ದೀಪ ಜಾಸ್ತಿ. ಬೀದಿಯಲ್ಲಿ ಹೋಗುವವರಿಗೆ ಕಾಣಲಿ ಎಂದು ಕಿಟಕಿಯಲ್ಲಿ ಇಡುವುದುಂಟು. ಇರಾನಿನವರು ವರ್ಷದ ಅತಿ ಉದ್ದದ ರಾತ್ರಿಯನ್ನು ಯಲ್ದಾ ಎಂದು ಆಚರಿಸುತ್ತಾರೆ. ಮನೆಯ ಹಿರಿಯರ ಸುತ್ತ ಕೂತು, ದಾಳಿಂಬೆ, ಕಲ್ಲಂಗಡಿ ತಿನ್ನುತ್ತಾ ಸರಿರಾತ್ರಿಯವರೆಗೂ ಎಚ್ಚರ ಇರುತ್ತಾರೆ. ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಹಾಫಿಜ್ ಕವಿಯ ಪುಸ್ತಕ ತೆರೆಯುತ್ತಾರೆ. ತೆರೆದ ಪುಟದ ಪದ್ಯವೇ ಉತ್ತರ. ಹಿಮಗಾಳಿಯ ರಾತ್ರಿಗೆ ಇದಕ್ಕಿಂತ ಒಪ್ಪುವ ಪದ್ಧತಿ ನನಗಂತೂ ಗೊತ್ತಿಲ್ಲ.

ಸ್ವಲ್ಪ ಜಗಳ ಬೇಕು ಅನ್ನಿಸಿದರೆ ಉಡುಗೊರೆ ಯಾವತ್ತು ಬಿಚ್ಚಬೇಕು ಎಂದು ಕೇಳಿ! ನೆದರ್ಲೆಂಡ್ಸಿನಲ್ಲಿ ಡಿಸೆಂಬರ್ 5ರ ಸಂಜೆ, ಜರ್ಮನಿಯಲ್ಲಿ 24ರ ಸಂಜೆ, ಬ್ರಿಟನ್ನಿನಲ್ಲಿ 25ರ ಬೆಳಗ್ಗೆ. ಸ್ಪೇನಿನ ಮಕ್ಕಳು, ಶಿಶು ಯೇಸುವಿಗೆ ಕಾಣಿಕೆ ತಂದ ಮೂವರು ರಾಜರು ಬರುವ ಜನವರಿ 6ರವರೆಗೂ ಕಾಯುತ್ತಾರೆ. ರಷ್ಯಾ, ಸರ್ಬಿಯಾದ ಚರ್ಚುಗಳು ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟಿಲ್ಲ. ಅದು 13 ದಿನ ಹಿಂದಿದೆ, ಹಾಗಾಗಿ ಅವರ ಕ್ರಿಸ್‌ಮಸ್ ಜನವರಿ 7ಕ್ಕೆ. ಉಕ್ರೇನ್ 2023ರಲ್ಲಿ ಕಾನೂನು ಮಾಡಿ ಡಿಸೆಂಬರ್ 25ಕ್ಕೆ ಬದಲಾಯಿಸಿತು. ಅದರ ಹಿಂದೆ ಯುದ್ಧ ಇದೆ, ಅಲ್ಲಿನವರನ್ನು ಸುಮ್ನೆ ತಮಾಷೆಗೆ ಕೆದಕಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಹ್ಯಾಲಿಫ್ಯಾಕ್ಸಿನದು. ಕೆನಡಾದ ಬಂದರು ಊರು. 1917ರ ಡಿಸೆಂಬರ್ 6ರ ಬೆಳಗ್ಗೆ, ಮದ್ದುಗುಂಡು ತುಂಬಿದ್ದ ಮಾಂಟ್ ಬ್ಲಾಂಕ್ ಎಂಬ ಹಡಗಿಗೆ ಇನ್ನೊಂದು ಹಡಗು ಡಿಕ್ಕಿ ಹೊಡೆಯಿತು. ಬೆಂಕಿ ನೋಡಲು ಜನ ಕಿಟಕಿಗಳ ಹತ್ತಿರ ಬಂದು ನಿಂತರು. ಹಡಗು ಸಿಡಿಯಿತು. ಸುಮಾರು 1,800 ಜನ ಸತ್ತರು. ಗಾಜು ಒಡೆದು ಎಷ್ಟೋ ಜನರ ಕಣ್ಣು ಹೋಯಿತು. ಮರುದಿನವೇ ಭಾರೀ ಹಿಮಗಾಳಿ. ಮನೆಗಳಿಗೆ ಕಿಟಕಿಯೇ ಇಲ್ಲ, ಒಂದು ಅಡಿಗಿಂತ ಜಾಸ್ತಿ ಹಿಮ. ಸ್ಫೋಟದ ದಿನ ರಾತ್ರಿಯೇ ಅಮೆರಿಕದ ಬಾಸ್ಟನ್ನಿನಿಂದ ಡಾಕ್ಟರುಗಳು, ನರ್ಸುಗಳು, ಔಷಧಿ ಹೊತ್ತ ರೈಲು ಹೊರಟಿತ್ತು. ದಾರಿಯಲ್ಲಿ ಹಿಮದ ರಾಶಿಗೆ ಸಿಕ್ಕಿ ತಡವಾಯಿತು. ಹಳಿ ಬಿಡಿಸಿಕೊಂಡು 8ರ ಬೆಳಗ್ಗೆ ಬಂದು ಮುಟ್ಟಿತು. ಮುಂದಿನ ವರ್ಷ ಹ್ಯಾಲಿಫ್ಯಾಕ್ಸ್ ಬಾಸ್ಟನ್ನಿಗೆ ಒಂದು ಕ್ರಿಸ್‌ಮಸ್ ಮರ ಕಳಿಸಿತು. 1971ರಿಂದ ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಷಿಯಾ ಪ್ರಾಂತ್ಯದವರು ಪ್ರತಿ ವರ್ಷವೂ ಕಳಿಸುತ್ತಿದ್ದಾರೆ. ಬಾಸ್ಟನ್ ಕಾಮನ್ ಎಂಬ ಉದ್ಯಾನದಲ್ಲಿ ಆ ಮರಕ್ಕೆ ದೀಪ ಹಚ್ಚುತ್ತಾರೆ. ಹಿಮದಲ್ಲಿ ಸಿಕ್ಕಿಬಿದ್ದರೂ ವಾಪಸ್ ಹೋಗದ ಒಂದು ರೈಲಿಗೆ ಇಷ್ಟು ವರ್ಷದ ಮೇಲೂ ಥ್ಯಾಂಕ್ಸ್ ಹೇಳುತ್ತಿದ್ದಾರೆ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

ಒಂದು ವಿಷಯದಲ್ಲಿ ಜೋಪಾನ. ಯಾರಿಗೋಸ್ಕರ ಕಾಯುತ್ತಿದ್ದಿರಿ ಎಂಬ ಪ್ರಶ್ನೆ ಕೆಲವರಿಗೆ ನೋವು ಕೊಡಬಹುದು. ಕಾಯುತ್ತಿದ್ದ ಅಪ್ಪನೋ ಅಜ್ಜಿಯೋ ಈಗ ಇಲ್ಲದಿರಬಹುದು. ಅಂಥವರನ್ನು ಒತ್ತಾಯ ಮಾಡಬೇಡಿ. ಅವರೇ ಹೇಳಲು ಶುರು ಮಾಡಿದರೆ ಮಧ್ಯೆ ಬಾಯಿ ಹಾಕಬೇಡಿ, ಅಷ್ಟೇ.

ಕೊನೆಗೆ ಹಬ್ಬಕ್ಕೆ ಸಂಬಂಧ ಇಲ್ಲದ, ಆದರೆ ಹೇಳಲೇಬೇಕಾದ ಮಾತು. ಕರೆಂಟ್ ಹೋದರೆ ಚಳಿಗೆ ಎಂದು ಇದ್ದಿಲ ಒಲೆಯನ್ನಾಗಲಿ, ಜನರೇಟರನ್ನಾಗಲಿ ಮನೆಯೊಳಗೆ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದ್ದವರು ಏಳುವುದಿಲ್ಲ. ಗೆಳೆಯರಲ್ಲಿ ಯಾರಾದರೂ ಇನ್ನೂ ದಾರಿಯಲ್ಲಿದ್ದರೆ ಫೋನ್ ಮಾಡಿ ತಿಳಿಸಿ: ಕಾರು ಹಿಮದಲ್ಲಿ ಸಿಕ್ಕಿಕೊಂಡರೆ ಇಳಿದು ನಡೆಯಲು ಹೋಗಬೇಡಿ, ಒಳಗೇ ಇದ್ದು ಸಹಾಯಕ್ಕೆ ಕರೆ ಮಾಡಿ. ಹೀಟರಿಗೆ ಎಂಜಿನ್ ಹಾಕುವ ಮೊದಲು ಸೈಲೆನ್ಸರಿನ ಬಾಯಿಗೆ ಕಟ್ಟಿದ ಹಿಮ ತೆಗೆಯಿರಿ.