ಸುತ್ತಲಿನ ಊರುಗಳು ಕೂಡಿದರೆ ಹಳ್ಳಿಗೆ ಸರಿಯಾದ ನೆಟ್ ತರಬಹುದೇ?

ನೀವು ಕೇಳಿದ್ದು: "ನಮ್ಮ ಪಂಚಾಯ್ತಿಗೆ ಫೈಬರ್ ಬಂದು ವರ್ಷಗಳಾದವು. ಆದರೂ ಒಂದು ಪಹಣಿ ತೆಗೆಸಲು ಪೇಟೆಗೆ ಬಸ್ ಹತ್ತಬೇಕು. ಅಕ್ಕಪಕ್ಕದ ನಾಲ್ಕಾರು ಪಂಚಾಯ್ತಿ ಸೇರಿ ಇದನ್ನು ಸರಿಮಾಡಿಕೊಳ್ಳಬಹುದೇ, ಅಥವಾ ಸರ್ಕಾರದ ದಾರಿಯನ್ನೇ ಕಾಯಬೇಕೇ?"

ಕೂಡಿದರೆ ಆಗುತ್ತದೆ. ಒಂದೇ ಊರು ಅಂದರೆ ಆಗುವುದಿಲ್ಲ. ನಾನು ಕೇಬಲ್ ಟಿ.ವಿ. ಕಾಲದಿಂದ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ವೈರು ಎಳೆದವನು, ಈಗ ಎಂಟು ವರ್ಷದಿಂದ ಫೈಬರ್ ಜೋಡಿಸುತ್ತೇನೆ. ನಿಮ್ಮ ಊರಿಗೆ ಬರದೆಯೇ ಒಂದು ಮಾತು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಪಂಚಾಯ್ತಿ ಕಚೇರಿಯ ಗೋಡೆ ಮೇಲೆ ಒಂದು ಡಬ್ಬಿ ಇದೆ. ಅದರಲ್ಲಿ ಕೆಂಪು ದೀಪ ಮಿಣುಕುತ್ತಿದೆ. ಇಲ್ಲವೇ ಕರೆಂಟೇ ಇಲ್ಲದೆ ಡಬ್ಬಿ ಮಲಗಿದೆ.

ಕೆಂಪು ದೀಪ ಎಂದರೆ ಗಾಜಿನ ಎಳೆಯಲ್ಲಿ ನೆಟ್ ಹೊತ್ತು ತರುವ ಬೆಳಕು ಇಲ್ಲಿಯವರೆಗೆ ಬರುತ್ತಿಲ್ಲ, ನಡುವೆ ಎಲ್ಲೋ ಕೇಬಲ್ ತುಂಡಾಗಿದೆ ಅಂತ. ಯಾಕೆ ಹೀಗೆ ಪದೇ ಪದೇ ಆಗುತ್ತದೆ ಎಂಬುದಕ್ಕೆ ಕೇಬಲ್ ಬಂದ ದಾರಿ ನೋಡಬೇಕು. ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಈ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರ್‌ನಲ್ಲಿ. ಆಗ ಅದಕ್ಕೆ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂದು ಹೆಸರು, ಆಮೇಲೆ ಭಾರತ್‌ನೆಟ್ ಆಯಿತು. ದೇಶದ ಸುಮಾರು ಎರಡೂವರೆ ಲಕ್ಷ ಪಂಚಾಯ್ತಿಗಳಿಗೆ 100 ಎಂಬಿಪಿಎಸ್ ವೇಗದ ನೆಟ್ ಮುಟ್ಟಿಸುವುದು ಗುರಿ. ರೊಕ್ಕ ಬಂದದ್ದು ಫೋನ್ ಕಂಪನಿಗಳ ಆದಾಯದಲ್ಲಿ ಶೇ 5ರಷ್ಟು ತೆಗೆದಿಡುವ ನಿಧಿಯಿಂದ. ಈಗ ಅದನ್ನು ಡಿಜಿಟಲ್ ಭಾರತ್ ನಿಧಿ ಎನ್ನುತ್ತಾರೆ. ಅಂದರೆ ನೀವು ರೀಚಾರ್ಜ್ ಮಾಡಿಸಿದಾಗಲೆಲ್ಲ ಒಂದು ಚೂರು ಅಲ್ಲಿಗೆ ಹೋಗಿದೆ. ಇದನ್ನು ಹೇಳಿದ್ದೇಕೆಂದರೆ, ಕಚೇರಿಗೆ ಹೋಗಿ ಕೇಳುವಾಗ ಬೇಡುವವರಂತೆ ನಿಲ್ಲಬೇಕಾಗಿಲ್ಲ.

ಮೊದಲ ಹಂತದಲ್ಲಿ ತಾಲೂಕು ಕೇಂದ್ರದಿಂದ ಹಳೆಯ ಕೇಬಲ್ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಅದನ್ನೇ ಬಳಸಿದರು, ಅಲ್ಲಿಂದ ಮುಂದೆ ಹೊಸದು ಎಳೆದರು. ಬೇವಿನ ಮರದ ಕೊಂಬೆ ಕವಲೊಡೆದ ಹಾಗೆ. ಬುಡದಲ್ಲಿ ಒಂದು ಕಡೆ ಕಡಿದರೆ ಮುಂದಿನ ಟೊಂಗೆಯೆಲ್ಲ ಒಣಗುತ್ತದೆ. ಕಡಿಯುವುದಕ್ಕೋ ನಮ್ಮಲ್ಲಿ ಕಾರಣ ಹುಡುಕಬೇಕಿಲ್ಲ: ರಸ್ತೆ ಅಗಲ ಮಾಡುವವರು, ನೀರಿನ ಪೈಪ್ ಹೂಳುವವರು, ಹೊಲದ ಬದು ಸರಿಮಾಡುವವರು, ಎಲ್ಲರ ಕೈಗೂ ಜೆಸಿಬಿ ಬಂದಿದೆ. ಕೇಬಲ್ 165 ಸೆಂ.ಮೀ. ಆಳದಲ್ಲಿರಬೇಕು ಎಂಬುದು ನಿಯಮ. ನಾನು ಮೊಣಕಾಲುದ್ದದ ಆಳದಲ್ಲೂ ಕಂಡಿದ್ದೇನೆ. ಸಾಲದ್ದಕ್ಕೆ ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮೇಲುಮೇಲೆ ಹೂತ ಪೈಪನ್ನು ಅದು ಎಳೆದಾಡಿಯೇ ಬಿಡುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದವರು ಪುಣ್ಯವಂತರು.

ಒಂದು ಸಲ ಹೀಗೇ ಪೈಪ್‌ಲೈನ್ ತೋಡುವಾಗ ಕೇಬಲ್ ಹೋಯಿತು. ಮೂರು ಪಂಚಾಯ್ತಿಗಳಿಗೆ ಹನ್ನೊಂದು ದಿನ ನೆಟ್ ಇರಲಿಲ್ಲ. ಒಬ್ಬ ಆಯಿ ಪಿಂಚಣಿ ಕಾಗದಕ್ಕೆ ದಿನಾ ಬರುತ್ತಿದ್ದಳು. "ಇವತ್ತರ ಸರ್ವರ್ ಬಂತೇನೋ ತಮ್ಮಾ?" "ಇಲ್ಲ ಆಯಿ, ನಾಳೆ ನೋಡೂಣು." ಐದನೇ ದಿನ ಆಕೆ, "ಆ ಸರ್ವರ್ ಯಾರ ಮಗಾ ಅಂತ ಹೇಳು, ಅವರ ಮನಿಗೇ ಹೋಗಿ ಬರ್ತೀನಿ" ಅಂದಳು. ನಗು ಬಂತು, ಆದರೆ ಆಕೆ ಕೇಳಿದ್ದೇ ಸರಿಯಾದ ಪ್ರಶ್ನೆ. ಕೇಬಲ್ ಒಬ್ಬರದು, ರಸ್ತೆ ಒಬ್ಬರದು, ಪೈಪ್ ಇನ್ನೊಬ್ಬರದು. ಕಡೆಗೆ ಓಟಿಡಿಆರ್ ಯಂತ್ರ ಹಚ್ಚಿದೆವು. ಕೇಬಲ್‌ನೊಳಗೆ ಬೆಳಕು ಬಿಟ್ಟು, ಅದು ವಾಪಸ್ ಬರುವ ಹೊತ್ತನ್ನು ಲೆಕ್ಕಹಾಕಿ, ಎಷ್ಟನೇ ಮೀಟರಿಗೆ ತುಂಡಾಗಿದೆ ಎಂದು ಅದು ಹೇಳುತ್ತದೆ. ಗುಂಡಿ ತೋಡಿ, ಜೋಡಿಸಿ, ಮುಚ್ಚುವುದಕ್ಕೆ ಎರಡು ತಾಸು. ಉಳಿದ ಹನ್ನೊಂದು ದಿನ ಹೋದದ್ದು ಯಾರು ಬರಬೇಕು ಎಂಬ ಚರ್ಚೆಯಲ್ಲಿ.

ಕೂಡುವ ಮಾತು ಇಲ್ಲಿಂದ ಶುರುವಾಗಬೇಕು. ಒಂದು ಪಂಚಾಯ್ತಿ ಓಟಿಡಿಆರ್ ಕೊಳ್ಳಲಾರದು, ಜೋಡಣೆ ಯಂತ್ರ ಇಟ್ಟುಕೊಳ್ಳಲಾರದು, ಒಬ್ಬ ಕೆಲಸಗಾರನಿಗೆ ವರ್ಷಪೂರ್ತಿ ಕೆಲಸ ಕೊಡಲಾರದು. ಆರು ಪಂಚಾಯ್ತಿ ಸೇರಿದರೆ ಮೂರೂ ಸಾಧ್ಯ. ಬಿತ್ತಿಗೆ ಹೊತ್ತಿಗೆ ಮುಯ್ಯಾಳು ಹೋಗುವುದಿಲ್ಲವೇ, ಇವತ್ತು ನಿಮ್ಮ ಹೊಲ, ನಾಳೆ ನಮ್ಮದು, ಅದೇ ಲೆಕ್ಕ. ಆ ಹನ್ನೊಂದು ದಿನದ ನಂತರ ನಮ್ಮ ಮೂರು ಊರಿನವರು ಮಾಡಿಕೊಂಡ ಏರ್ಪಾಡು ಬಹಳ ಸಣ್ಣದು: ಮೂರೂ ಊರಿನ ವಾಟರ್‌ಮನ್‌ಗಳನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದೆವು. ಪೈಪ್‌ಲೈನ್ ಗುಂಟ ದಿನಾ ನಡೆಯುವವರು ಅವರೇ, ಎಲ್ಲಿ ಜೆಸಿಬಿ ನಿಂತಿದೆ ಎಂಬುದು ಅವರಿಗೆ ಮೊದಲು ಗೊತ್ತಾಗುತ್ತದೆ. ಅಗೆಯುವ ಮುಂಚೆ ತಿಳಿಸಲೆಂದು 2023ರಲ್ಲಿ ಕೇಂದ್ರ ಸರ್ಕಾರ ಒಂದು ಆ್ಯಪ್ ತಂದಿದೆ, ಒಳ್ಳೆಯದೇ. ಆದರೆ ನಮ್ಮ ಕಡೆ ಜೆಸಿಬಿ ಡ್ರೈವರ್ ಕೇಳುವುದು ವಾಟರ್‌ಮನ್ ಮಾತನ್ನು.

ಇನ್ನು ಇದಕ್ಕಿಂತ ದೊಡ್ಡ ಸಂಗತಿ. ಲಕ್ಷ್ಮೇಶ್ವರ ತಾಲೂಕಿನ ಕೊನೆಯ ಊರುಗಳಿಗೂ ಸವಣೂರು, ಶಿಗ್ಗಾವಿ ಕಡೆಯ ಊರುಗಳಿಗೂ ನಡುವೆ ಕೆಲವು ಕಡೆ ಒಂದು ಹಳ್ಳ ಅಷ್ಟೇ. ಹೆಣ್ಣು ಕೊಟ್ಟು ತಂದ ಊರುಗಳು. 1997ರವರೆಗೆ ಎಲ್ಲವೂ ಒಂದೇ ಧಾರವಾಡ ಜಿಲ್ಲೆ. ಈಗ ಹಳ್ಳದ ಈಚೆ ಗದಗ, ಆಚೆ ಹಾವೇರಿ. ಈಚಿನ ಊರಿನ ಕೇಬಲ್ ಈಚಿನ ತಾಲೂಕಿನಿಂದ ಬಂದು ನಿಲ್ಲುತ್ತದೆ, ಆಚಿನದು ಆಚೆಯಿಂದ ಬಂದು ನಿಲ್ಲುತ್ತದೆ. ಎರಡು ತುದಿಗಳ ನಡುವೆ ಎರಡು ಮೂರು ಕಿಲೋಮೀಟರ್. ಆ ತುದಿಗಳನ್ನು ಕೂಡಿಸಿದರೆ ಕೊಂಬೆ ಹೋಗಿ ಬಳೆಯಾಗುತ್ತದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಬರುತ್ತದೆ. ಎರಡೂ ತುದಿಗೆ ಬೇರೆ ಬಗೆಯ ಯಂತ್ರ ಕೂಡಿಸಬೇಕಾಗುತ್ತದೆ, ಬರೀ ಕೇಬಲ್ ಗಂಟು ಹಾಕಿದರೆ ಆಗದು. ಆದರೂ ದುಬಾರಿ ಪಾಲು ಅಗೆತವೇ, ಅದು ಇಲ್ಲಿ ಕಡಿಮೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಭಾರತ್‌ನೆಟ್ ಯೋಜನೆ, 1.39 ಲಕ್ಷ ಕೋಟಿ ರೂಪಾಯಿಯದು, ಈ ಬಳೆಯ ವಿನ್ಯಾಸವನ್ನೇ ಹಿಡಿದಿದೆ. ನಿಮ್ಮ ಪಂಚಾಯ್ತಿಗಳು ಗಟ್ಟಿಯಾಗಿ ಕೇಳಬೇಕಾದದ್ದು, ಬಳೆ ಎಳೆಯುವಾಗ ತಾಲೂಕಿನ ಗಡಿಗೆ ಹೆದರಬೇಡಿ ಎಂಬುದನ್ನು.

ಜಿಲ್ಲೆಯ ಗಡಿ ದಾಟುವುದೇ ಕಷ್ಟ ಎನ್ನುವವರಿಗೆ ತ್ರಿಪುರಾದ ರಾಜಧಾನಿ ಅಗರ್ತಲದ ಕಥೆ ಹೇಳಿ. ತ್ರಿಪುರಾಕ್ಕೆ ನಮ್ಮ ದೇಶದೊಳಗಿನಿಂದ ನೆಟ್ ಹೋಗಬೇಕಾದರೆ ಸಿಲಿಗುರಿಯ ಕಿರಿದಾದ ಓಣಿ ಬಳಸಿ, ಗುಡ್ಡಗಾಡು ಸುತ್ತಿ ಹೋಗಬೇಕು. ಪಕ್ಕದಲ್ಲೇ ಬಾಂಗ್ಲಾದೇಶ, ಅದರ ಕಾಕ್ಸ್ ಬಜಾರ್‌ನಲ್ಲಿ ಸಮುದ್ರದ ಕೇಬಲ್ ದಡ ಹತ್ತುತ್ತದೆ. 2016ರ ಮಾರ್ಚ್‌ನಲ್ಲಿ ಎರಡೂ ದೇಶ ಒಪ್ಪಿ, ಅಖೌರಾ ಗಡಿಯಿಂದ 10 ಜಿಬಿಪಿಎಸ್ ಅಗರ್ತಲಕ್ಕೆ ತಂದರು. ಎರಡು ದೇಶಕ್ಕೆ ಆದದ್ದು ಎರಡು ತಾಲೂಕಿಗೆ ಆಗದೇ?

ಸಹಕಾರದ ಮಾತು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಗದಗಿನವನಾಗಿ ಕಣಗಿನಹಾಳ ಬಿಟ್ಟು ಮಾತು ಮುಗಿಸಿದರೆ ಊರವರು ಬಿಡುವುದಿಲ್ಲ: 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಆದರೆ ನಿಮಗೆ ಹೆಚ್ಚು ಉಪಯೋಗವಾಗುವ ಉದಾಹರಣೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಅಲ್ಲಿ 1969ರಿಂದ ಕರೆಂಟ್ ಹಂಚುವುದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕಂಬ, ತಂತಿ, ಮೀಟರ್, ಬಿಲ್ಲು ಎಲ್ಲವನ್ನೂ ಸಂಘ ನೋಡಿಕೊಳ್ಳಬಹುದಾದರೆ ಗಾಜಿನ ಎಳೆ ಅದಕ್ಕಿಂತ ಕಷ್ಟದ್ದಲ್ಲ. ಹಳ್ಳಿಯಲ್ಲಿ ಇಂಥ ಯಂತ್ರ ಬಾಳದು ಎನ್ನುವವರಿಗೆ ಧಾರವಾಡದ ಮಗ್ಗುಲಲ್ಲೇ ಕಿತ್ತೂರಿದೆ. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತಯಾರಿಸಿದ 128 ಲೈನಿನ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತದ್ದು ಅಲ್ಲಿ. ಏಸಿ ಬೇಡ, ಧೂಳು ಬಿಸಿಲಿಗೆ ಜಗ್ಗದು ಎಂಬುದೇ ಅದರ ಹೆಗ್ಗಳಿಕೆ.

ಸಂಘ ಕಟ್ಟಲು 1959ರ ಸಹಕಾರ ಸಂಘಗಳ ಕಾಯ್ದೆ ಇದೆ, 1997ರ ಸೌಹಾರ್ದ ಕಾಯ್ದೆಯೂ ಇದೆ. ನನ್ನ ಸಲಹೆ, ಮೊದಲ ದಿನವೇ ನೆಟ್ ಮಾರಲು ಹೊರಡಬೇಡಿ. ಅದಕ್ಕೆ ಪರವಾನಗಿ ಬೇಕು, ಗ್ರಾಹಕರ ಲೆಕ್ಕ ಇಡಬೇಕು, ಪೇಟೆಯ ಕಂಪನಿಗಳ ದರದ ಮುಂದೆ ನಿಲ್ಲಬೇಕು. ಕೇಬಲ್ ಕಾಯುವ, ಜೋಡಿಸುವ ಸಂಘವಾಗಿ ಶುರುಮಾಡಿ, ಪರವಾನಗಿ ಇದ್ದವರ ಜೊತೆ ಒಪ್ಪಂದ ಮಾಡಿಕೊಳ್ಳಿ. ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ವೈಫೈ ಕೊಡಲು ಮಾತ್ರ 2020ರ ಪಿಎಂ-ವಾಣಿ ಎಂಬ ಕೇಂದ್ರದ ಸಾರ್ವಜನಿಕ ವೈಫೈ ಯೋಜನೆ ಅಡಿ ಅಂಗಡಿಯವನಿಗೆ ಪರವಾನಗಿ ಬೇಕಿಲ್ಲ. ಮೊದಲು ಇಂಥ ಅಂಗಡಿಗೆ ಕಂಪನಿಗಳು ದುಬಾರಿ ದರ ಹೇಳುತ್ತಿದ್ದವು. 2025ರ ಜೂನ್‌ನಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್, 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಮಿತಿ ಹಾಕಿತು.

ಇಷ್ಟಾದರೂ ಎಲ್ಲರ ಕೈಗೆ ನೆಟ್ ಬಂತು ಅಂತಲ್ಲ. ನಾನು ಕನೆಕ್ಷನ್ ಕೊಟ್ಟ ಎಷ್ಟೋ ಮನೆಗಳಲ್ಲಿ ಫೋನು ಮಗನ ಕಿಸೆಯಲ್ಲಿರುತ್ತದೆ, ಓಟಿಪಿ ಬರುವುದು ತಾಯಿಯ ಹೆಸರಿಗೆ. ಹಾಗಾಗಿ ಮೊದಲ ಗಟ್ಟಿ ಸಂಪರ್ಕವನ್ನು ಪಂಚಾಯ್ತಿ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿಗೆ ಕೊಡಿಸಿ. ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳು ಯಾರನ್ನೂ ಕೇಳದೆ ಹೋಗಿ ಕೂರಬಹುದಾದ ಜಾಗ ಊರಲ್ಲಿ ಅದೊಂದೇ.

ನಾಳೆ ಬೆಳಿಗ್ಗೆ ಪಂಚಾಯ್ತಿಗೆ ಹೋಗಿ ಆ ಡಬ್ಬಿಯ ದೀಪ ನೋಡಿ. ಕೇಬಲ್ ಯಾವ ರಸ್ತೆ ಗುಂಟ ಬಂದಿದೆ ಎಂದು ವಾಟರ್‌ಮನ್‌ನನ್ನು ಕೇಳಿ. ಆಮೇಲೆ ಪಕ್ಕದೂರಿನ ಅಧ್ಯಕ್ಷರನ್ನು ಕರೆದು ಚಹಾ ಕುಡಿಸಿ. ಏನೇ ಮಾಡಿದರೂ ಮಿರಗದ ಮಳೆಗೆ ಮುಂಚೆ ಮಾಡಿ. ಎರಿ ನೆಲ ನೆನೆದ ಮೇಲೆ ಅಲ್ಲಿಗೆ ಗಾಡಿಯೂ ಹೋಗುವುದಿಲ್ಲ, ನಾನೂ ಬರುವುದಿಲ್ಲ.